ಅವ್ವನ ಮಗ್ಗಲದ ತಂಗಡಿ

"ತನ್ನ ಮನಿ ಕದಾ ತಾನ ಹಾಕ್ಕೊಂಡು, ಅದಕ್ಕ ಮತ್ತ ವರ್ಷಾ ವರ್ಷಾ ಸುಣ್ಣಾ ಬಳ್ಯಾಕ ಬರೂವಂಥ ಶಾಣ್ಯಾಕಿ ಈ ಸೀಮ್ಯಾಗ ನೀ ಒಬ್ಬಾಕಿನ ನೋಡ ಲಗಮವ್ವಾ," ಎನ್ನುತ್ತಾಳೆ ಬಾಯವ್ವ.

"ನಿನ್ನ ಕೈಯಾಗೂ ಕುಂಚ ಐತೆಲ್ಲ ಚಿಗವ್ವಾ. ಅದ್ಯಾಕ ಬಂತು ಮತ್ತ?"

"ನಾ ನಿನ್ನ ನೋಡಿ ನಗಾಕ ಬಂದೇನಿ. ಕೂಲಿ ಮ್ಯಾಲಿಂದು."

ಇಬ್ಬರೂ ನಗುತ್ತಾರೆ. ಹೊತ್ತು ಇನ್ನೂ ಹುಟ್ಟಿಲ್ಲ. ಕಟಕೋಳದಿಂದ ತೊರಗಲ್ಲಿಗೆ ಹೋಗುವ ದಾರಿಯ ಎಡಕ್ಕೆ ಕರಿಕಲ್ಲ ಗುಡ್ಡ, ಗುಡ್ಡದ ಬುಡದಲ್ಲಿ ಸೊಂಟದೆತ್ತರದ ಕಲ್ಲುಗಳ ಸಾಲು. ಕಲ್ಲಿನಾಚೆ ಸರ್ಕಾರದ ಕಾಯ್ದಿಟ್ಟ ಕಾಡು, ಈಚೆ ಊರು. ಹೋದ ವರ್ಷದ ಸುಣ್ಣ ಮಳೆಗೆ ತೊಳೆದುಹೋಗಿದೆ. ಕತ್ತಾಳಿ ನಾರಿನ ಕುಂಚವನ್ನು ಮಡಕೆಯಲ್ಲಿ ಅದ್ದಿ ಲಗಮವ್ವ ಒಂದೊಂದೇ ಕಲ್ಲಿಗೆ ಹಚ್ಚುತ್ತ ಹೋಗುತ್ತಾಳೆ. ಕೈ ಕಲ್ಲಿನ ಮೇಲಿದ್ದರೂ ಕಣ್ಣು ಆಚೆಗೇ ಇರುತ್ತದೆ. ಹೀಗೆ ಆಚೆ ನೋಡಿ ನೋಡಿ ಸೀರೆಯ ನಿರಿಗೆಗೆಲ್ಲ ಸುಣ್ಣ ಸಿಡಿಸಿಕೊಂಡಿದ್ದಾಳೆ.

ಸುಣ್ಣ ಹಚ್ಚುವುದು ಲಗಮವ್ವನ ಕೆಲಸವಲ್ಲ, ಅದು ವರ್ಷಕ್ಕೆರಡು ದಿನದ ಕೂಲಿ. ಆಕೆಯ ಕೆಲಸ ತಂಗಡಿ ಗಿಡದ ತೊಗಟೆ ಸುಲಿಯುವುದು. ಹಳದಿ ಹೂವಿನ ಈ ಗಿಡ ನಮ್ಮ ಸೀಮೆಯವರಿಗೆ ಗೊತ್ತಿಲ್ಲದ್ದೇನಲ್ಲ, ಬದುವಿನ ಮೇಲೆ, ಗುಡ್ಡದ ಮೈಮೇಲೆ ಎಲ್ಲ ಕಡೆ ಬೆಳೆಯುತ್ತದೆ. ಅದರ ತೊಗಟೆಯ ಒಗರು ಇಳಿದರೇನೇ ಹಸಿ ಚರ್ಮ ಹದವಾಗಿ ತೊಗಲಾಗುವುದು. ಎತ್ತಿನ ಕೊರಳಪಟ್ಟಿ, ಬಾರಕೋಲು, ಈ ಪುರವಣಿ ಓದಲು ಕೂರುವ ಮೊದಲು ನೀವು ಬಾಗಿಲಲ್ಲಿ ಬಿಟ್ಟ ಚಪ್ಪಲಿ, ಇವೆಲ್ಲ ಹಾಗೆ ಆದವು. ಚಪ್ಪಲಿ ಹೊಲಿದವನ ಹೆಸರು ನಮಗೆ ಗೊತ್ತಿರಬಹುದು. ತೊಗಲು ಹದ ಮಾಡಿದವನು ಯಾರೆಂದು ಒಬ್ಬಿಬ್ಬರು ಕೇಳಿಯಾರು. ತೊಗಟೆ ಸುಲಿದವಳನ್ನು ಯಾರು ಕೇಳುತ್ತಾರೆ?

"ಕೇಳೂದೇನ್ ಬ್ಯಾಡ್ರಿ, ನನ್ನ ಕೈ ಮೂಸಿದ್ರ ಸಾಕು," ಎಂದು ಲಗಮವ್ವ ಅಂಗೈ ಚಾಚುತ್ತಾಳೆ. ಕಂದುಗಟ್ಟಿದ ಅಂಗೈ. ಒಗರು ವಾಸನೆ. "ಎಷ್ಟ ಸೀಗಿಕಾಯಿ ಹಚ್ಚಿ ತಿಕ್ಕಿದ್ರೂ ಹೋಗೂದಿಲ್ರಿ ಇದು. ಲಗ್ನಾದ ಹೊಸದಾಗಿ ನಮ್ಮವ್ರು ಅಂದಿದ್ರು, ಕತ್ತಲ್ಯಾಗೂ ನಿನ್ನ ಗುರತ ಹಿಡೀಬಹುದು ಅಂತ."

ನಮ್ಮವರು ಅಂದರೆ ಶಂಕ್ರೆಪ್ಪ. ತೊಗಲು ಹದ ಮಾಡುವವನು, ಕಾಲ್ಮರಿ ಹೊಲಿಯುವವನು. ಕಾಲ್ಮರಿ ಅಂದರೆ ನಮ್ಮ ಹಳೆಯ ಪದ್ಧತಿಯ ಗಟ್ಟಿ ಚಪ್ಪಲಿ. ಊರಂಚಿನ ಓಣಿಯಲ್ಲಿ ಇವರ ಮನೆಯ ಹಿತ್ತಿಲಿಗೆ ಹೋದರೆ ಎರಡು ಕಂಬಗಳ ನಡುವಿನ ತೊಲೆಗೆ ಒಂದು ತೊಗಲು ತೂಗುಬಿದ್ದಿರುವುದು ಕಾಣುತ್ತದೆ. ಅದನ್ನು ಚೀಲದಂತೆ ಹೊಲಿದು, ಒಳಗೆ ಕುಟ್ಟಿದ ತೊಗಟೆ ತುಂಬಿ, ನೀರು ಹೊಯ್ದು ಬಿಟ್ಟಿದ್ದಾರೆ. ಕೆಂಪು ನೀರು ಹನಿಹನಿಯಾಗಿ ಕೆಳಗಿನ ಬಾನಿಗೆ ತೊಟ್ಟಿಕ್ಕುತ್ತದೆ, ಅದನ್ನೇ ಮತ್ತೆ ಮೇಲೆ ಹೊಯ್ಯುತ್ತಾರೆ. ಮೊದಲನೇ ತುಂಬು ಇಳಿದ ಮೇಲೆ ಚೀಲವನ್ನು ತಲೆಕೆಳಗು ಮಾಡಿ ಎರಡನೇ ಸಲ ಹೊಸ ತೊಗಟೆ ತುಂಬಬೇಕು. ಇದನ್ನು ಅವರು ಕಡೀ ತುಂಬು ಎನ್ನುತ್ತಾರೆ.

ಈ ತೊಗಲು ಮಾರುವುದಕ್ಕಲ್ಲ. ಹೋಳಿ ಹುಣ್ಣಿಮೆ ಮುಗಿದ ವಾರ ಕಿರಿಮಗಳು ಕೆಂಪವ್ವನ ಮದುವೆ. ಈ ಓಣಿಯಲ್ಲಿ ಒಂದು ರೂಢಿ ಇದೆ. ಮಗಳು ಗಂಡನ ಮನೆಗೆ ಹೊಸ್ತಿಲು ದಾಟುವಾಗ ಮನೆಯಲ್ಲೇ ಹದ ಮಾಡಿದ ತೊಗಲಿನ ಕಾಲ್ಮರಿ ಮೆಟ್ಟಿ ಹೋಗಬೇಕು. ಆ ತೊಗಲಿನ ಮೊದಲನೇ ತುಂಬಿಗೆ ಯಾವ ಗಿಡದ ತೊಗಟೆಯಾದರೂ ನಡೆಯುತ್ತದೆ. ಕಡೀ ತುಂಬಿಗೆ ಮಾತ್ರ ತಾಯಿಯ ಮಗ್ಗಲದ್ದೇ ಬೇಕು. ಲಗಮವ್ವನ ಮಗ್ಗಲ ಇರುವುದು ಕಲ್ಲುಗಳ ಆಚೆ.

"ನಾಡಿದ್ದ ಚೀಲ ತಿರುವಬೇಕ್ರಿ," ಎನ್ನುತ್ತಾನೆ ಶಂಕ್ರೆಪ್ಪ. "ಬೀಗರಿಗೆ ಒಂದ ವಾರ ತಡೀರಿ ಅಂದ್ರ ತಡದಾರು. ತೊಗಲಿಗೆ ಹಂಗ ಹೇಳಾಕ ಬರೂದಿಲ್ಲ. ಒಣಗಿತಂದ್ರ ಹಪ್ಪಳ ಆತು."

ಬೀಗರು ಬೈಲಹೊಂಗಲದವರು. ಬೌದ್ಧ ಧರ್ಮ ಹಿಡಿದ ಮನೆ. ಒಂದು ಹಾರ, ನಾಲ್ಕು ಮಾತು, ಮದುವೆ ಮುಗಿಯಿತು ಎನ್ನುವವರು. ಶಾಸ್ತ್ರ ಗೀಸ್ತ್ರ ಏನೂ ಬೇಡ ಎಂದು ಹೇಳಿ ಕಳಿಸಿದ್ದಾರೆ. ಅದನ್ನು ಕೇಳಿ ಕೆಂಪವ್ವ ತಾಯಿಗೆ ಹೇಳಿದ್ದು ಇಷ್ಟು: "ಕಾಲ್ಮರಿ ಶಾಸ್ತ್ರ ಅಲ್ಲಬೇ, ಅದು ಕಾಲಿಗೆ. ನನಗ ಬೇಕು."

ಹಿರಿಮಗಳು ರಾಯವ್ವನಿಗೆ ಅದು ಸಿಕ್ಕಿರಲಿಲ್ಲ. ಗುಡ್ಡ ಮುಚ್ಚಿದ ಮರುವರ್ಷವೇ ಆಕೆಯ ಮದುವೆ. ರಾಮದುರ್ಗದ ಸಂತೆಯಲ್ಲಿ ಕೊಂಡ ರಬ್ಬರಿನ ಚಪ್ಪಲಿ ಮೆಟ್ಟಿಕೊಂಡು ಹೋದಳು. "ಆಕಿ ಏನೂ ಅನ್ಲಿಲ್ರಿ," ಎನ್ನುತ್ತಾಳೆ ಲಗಮವ್ವ. "ಆದ್ರ ಹೊಳ್ಳಿ ಬಂದಾಗೆಲ್ಲ ನಾ ಮೊದಲ ಆಕಿ ಕಾಲ ನೋಡತೇನಿ. ಮಾರಿ ಆಮ್ಯಾಲ."

*

ಮಗ್ಗಲ ಅಂದರೆ ಏನು ಎಂದು ಕೇಳಿದರೆ ಓಣಿಯ ಹೆಂಗಸರು ನಗುತ್ತಾರೆ, ಗಾಳಿ ಅಂದರೆ ಏನು ಎಂದು ಕೇಳಿದಷ್ಟೇ ಅದು ಅವರಿಗೆ. ಗುಡ್ಡದ ಒಂದೊಂದು ಇಳುಕಲು ಒಂದೊಂದು ಮನೆಯದು. ಕಾಗದವಿಲ್ಲ, ಪತ್ರವಿಲ್ಲ. ಮಗಳು ಊರಲ್ಲೇ ಉಳಿದರೆ ಮಗಳಿಗೆ, ಪರಸ್ಥಳಕ್ಕೆ ಹೋದರೆ ಸೊಸೆಗೆ. ಲಗಮವ್ವನನ್ನು ಸೋದರತ್ತೆಯ ಮಗನಿಗೇ ಕೊಟ್ಟಿದ್ದರಿಂದ ಆಕೆ ಓಣಿ ಬಿಡಲಿಲ್ಲ, ತಾಯಿ ಬೀರವ್ವನ ಮಗ್ಗಲ ಆಕೆಗೇ ಬಂತು. ಬೀರವ್ವ ತೀರಿಕೊಂಡು ಬಹಳ ವರ್ಷವಾದರೂ ಅದರ ಹೆಸರು ಅವ್ವನ ಮಗ್ಗಲ ಎಂದೇ ಉಳಿದಿದೆ.

ಸುಲಿಯುವುದಕ್ಕೂ ಒಂದು ರೀತಿ ಇದೆ. ಹೂ ಉದುರಿದ ಮೇಲೆ, ಹೆಬ್ಬೆರಳು ದಪ್ಪದ ಟೊಂಗೆಯನ್ನು ಕುಡಗೋಲಿನಿಂದ ಓರೆಯಾಗಿ ಕೊಯ್ಯಬೇಕು. ಮರದ ಕೊಡತಿಯಿಂದ ಮೆಲ್ಲಗೆ ಬಡಿದರೆ ತೊಗಟೆ ಸಡಿಲಾಗಿ ಪಟ್ಟಿಯಂತೆ ಬಿಟ್ಟು ಬರುತ್ತದೆ. ಒಂದು ಬುಡದಲ್ಲಿ ಎಷ್ಟೇ ಟೊಂಗೆ ಇರಲಿ, ಒಂದನ್ನು ಬಿಡಬೇಕು. "ದೀಪಕ್ಕ ಒಂದರ ಬತ್ತಿ ಬ್ಯಾಡೇನ್ರಿ?" ಎನ್ನುತ್ತಾಳೆ ಲಗಮವ್ವ. ಆಮೇಲೆ ಇನ್ನೊಂದು: ದಿನದ ಮೊದಲನೇ ಪಟ್ಟಿ ಗುಡ್ಡದ್ದು. ಅದನ್ನು ಹೊರೆಗೆ ಸೇರಿಸುವಂತಿಲ್ಲ. ಕೊಯ್ದ ಬುಡದ ಮೇಲೆಯೇ ಇಟ್ಟು ಬರಬೇಕು. ಎಂಥ ಅವಸರವಿದ್ದರೂ, ಎಷ್ಟು ಕಡಿಮೆ ಸಿಕ್ಕಿದ್ದರೂ.

ಹೀಗೆ ಕೊಯ್ದಷ್ಟೂ ತಂಗಡಿ ಚಿಗುರುತ್ತದೆ. ಹೊಸ ಚಿಗುರಿನ ತೊಗಟೆಯೇ ಒಳ್ಳೆಯದು.

ಕಲ್ಲುಗಳು ಬಂದದ್ದು ಎಪ್ಪತ್ತೆರಡರ ಬರದ ವರ್ಷ. ಅದರ ಕತೆಯನ್ನು ಬಾಯವ್ವನ ಬಾಯಿಂದಲೇ ಕೇಳಬೇಕು. ಆಕೆ ಕುಂಚ ಕೆಳಗಿಟ್ಟು, ಸೆರಗು ಸೊಂಟಕ್ಕೆ ಸಿಗಿಸಿ, ಪಟ್ಟಾಗಿ ಕುಂತು ಹೇಳುತ್ತಾಳೆ.

"ಜೀಪನ್ಯಾಗ ನಾಕ ಮಂದಿ ಸಾಹೇಬರು ಬಂದ್ರರಿ. ತಂಗಡಿ ಎಲ್ಲಿ ಛಲೋ ಐತಿ, ಯಾರ್ಯಾರ ಮಗ್ಗಲ ಎಲ್ಲಿಂದೆಲ್ಲಿ ಮಟಾ ಐತಿ, ತೋರಸ್ರಿ ಅಂದ್ರು. ನಮಗ ಏನ್ ಅನಿಸ್ತು? ನಮ್ಮ ನಮ್ಮ ಹೆಸರಿಲೆ ಮಾಡಿ ಕೊಡ್ತಾರ ಅನಿಸ್ತು! ನಾ ಮುಂದು ನೀ ಮುಂದು ಅಂತ ಓಡಿದ್ವಿ. ಈ ಲಗಮವ್ವ ಅಂತೂ, ಇಲ್ಲಿ ನೋಡ್ರಿ ಸಾಹೇಬ್ರ, ಅಲ್ಲಿ ನೋಡ್ರಿ ಸಾಹೇಬ್ರ, ನಮ್ಮ ಅವ್ವ ಹೆಂಗ ಇಟ್ಟಾಳ ನೋಡ್ರಿ, ಅಂತ ಸೊಸಿ ಕೈಯಾಗಿನ ಬಳಿ ತೋರಿಸಿದಂಗ ಒಂದೊಂದ ಗಿಡಾ ತೋರಿಸಿದ್ಲು. ನಾನೂ ಕಮ್ಮಿ ಏನಲ್ಲ, ಬಾಜೂಕಿನ ಮಗ್ಗಲದ ಒಂದ ತುಣುಕ ನಂದ ಅಂತ ಸೇರಿಸಿ ತೋರಿಸಿದೆ."

"ಖರೇ ಹೇಳಿದಿ ಇವತ್ತ," ಎನ್ನುತ್ತಾಳೆ ಲಗಮವ್ವ.

"ನಾವು ಎಲ್ಲೆಲ್ಲಿ ಚಂದ ಐತಿ ಅಂತ ತೋರಿಸಿದ್ವೋ, ಅದರ ಸುತ್ತ ಕಲ್ಲ ಹುಗದ್ರು. ಸುಣ್ಣಾ ಬಂದಿಲ್ಲ ಅಂದ್ರು. ಅದಕ್ಕೂ ಈಕಿನ. ನಮ್ಮ ಮನ್ಯಾಗ ಐತ್ರಿ ಅಂತ ತೊಗಲ ನೆನಸೂ ಸುಣ್ಣಾ ತಲಿ ಮ್ಯಾಲ ಹೊತ್ತು ತಂದು ಬಳದ್ಲು! ಆವತ್ತ ಜ್ವರಾ ಬಂದು ಮಲಗಿದ್ದಾಕಿ ಅಂದ್ರ ಅಂದಾನೆಪ್ಪನ ಹೇಣ್ತಿ ಒಬ್ಬಾಕಿ. ತೋರಸಾಕ ಬರ್ಲಿಲ್ಲ. ಆಕಿ ಮಗ್ಗಲ ಇವತ್ತಿಗೂ ಹೊರಗ ಐತಿ."

ನಗುವ ಕತೆಯೇ. ಆದರೆ ಹೊರಗೆ ಉಳಿದ ಆ ಒಂದು ಮಗ್ಗಲದ ಮೇಲೆ ಇಡೀ ಓಣಿ ಬಿತ್ತು. ಒಂದು ಟೊಂಗೆ ಬಿಡುವ ರೂಢಿ ಅಲ್ಲಿ ನಡೆಯಲಿಲ್ಲ, ನಾನು ಬಿಟ್ಟರೆ ಇನ್ನೊಬ್ಬಳು ಒಯ್ಯುತ್ತಾಳೆ ಎಂಬ ಲೆಕ್ಕ. ಎರಡೇ ವರ್ಷದಲ್ಲಿ ಅದು ಬೋಳಾಯಿತು. ಹನ್ನೊಂದು ಮನೆಯಲ್ಲಿ ತೊಗಲಿನ ಬಾನಿ ಇದ್ದದ್ದು ಈಗ ಮೂರು ಮನೆಗೆ ಬಂದಿದೆ. ಉಳಿದವರು ಮಲಪ್ರಭೆಯ ಕಾಲುವೆ ಕೆಲಸಕ್ಕೆ ಮಣ್ಣು ಹೊರಲು ಹೋಗುತ್ತಾರೆ. ಖಾಲಿ ಬಾನಿಗಳಲ್ಲಿ ಕೋಳಿ ಕಾವು ಕೂತಿವೆ.

ಲಗಮವ್ವ ಮಾತ್ರ ಇನ್ನೂ ಕುಡಗೋಲು ಬಿಟ್ಟಿಲ್ಲ. ಕೋಳಿ ಕೂಗುವ ಹೊತ್ತಿಗೆ ಎದ್ದು, ರೊಟ್ಟಿ ಬಡಿದಿಟ್ಟು, ಸಾಲಹಳ್ಳಿ ಕಡೆಗೆ ರಸ್ತೆಯ ಬದಿ, ಹೊಲದ ಬದು ಹುಡುಕುತ್ತ ಹೋಗುತ್ತಾಳೆ. ಮೊದಲು ಮುಂಜಾನೆಯೊಂದರಲ್ಲೇ ಒಂದು ಹೊರೆ ಆಗುತ್ತಿತ್ತು. ಈಗ ಹೊತ್ತು ಮುಳುಗುವವರೆಗೆ ನಡೆದರೆ ಅರ್ಧ ಹೊರೆ. ರಸ್ತೆಯ ಗಿಡಕ್ಕೆ ಧೂಳು ಹತ್ತಿರುತ್ತದೆ, ಅದರಿಂದ ತೊಗಲಿಗೆ ಬಣ್ಣ ಸರಿಯಾಗಿ ಏರುವುದಿಲ್ಲ ಎಂಬುದು ಶಂಕ್ರೆಪ್ಪನ ತಕರಾರು. ಅದಕ್ಕೆ ಆಕೆಯ ಉತ್ತರ: "ನಡದಾಕಿಗೆ ಬಣ್ಣಾ ಏರೇತಿ ನೋಡ್ರಿ, ಕರ್ರಗ."

ಗುಡ್ಡದ ಕೆಳಗಿನ ಹೊಲ ನಿಜಗುಣಪ್ಪನವರದು. ನಾಲ್ಕು ತಲೆಮಾರಿನಿಂದ ಇಲ್ಲೇ ಒಕ್ಕಲುತನ ಮಾಡಿದ ಮನೆತನ. ಅವರ ಬದುವಿನ ತಂಗಡಿಯನ್ನು ಲಗಮವ್ವನಿಗೆ ಬಿಟ್ಟಿದ್ದಾರೆ. ಅವರನ್ನು ಕೇಳಿದರೆ ಮಾತು ಬೇರೆ ಬರುತ್ತದೆ. "ಸುಳ್ಳ ಯಾಕ ಹೇಳ್ಲಿ? ಗುಡ್ಡಾ ಮುಚ್ಚಿದ ಮ್ಯಾಲ ನನ್ನ ಬಾವ್ಯಾಗ ನೀರ ಏರೇತಿ. ಮೊದಲ ಬ್ಯಾಸಗ್ಯಾಗ ತಳಾ ಕಾಣತಿತ್ತು, ಈಗ ಕಾಣೂದಿಲ್ಲ. ಚಿಗರಿ ಬರಾಕತ್ತಾವ, ಜ್ವಾಳಾ ತಿಂತಾವ, ಅದಿರಲಿ. ನನಗ ಛಲೋನ ಆತು. ಆದ್ರ ಲಗಮವ್ವ ತಲಿ ಮ್ಯಾಲ ಸಿಂಬಿ ಇಟಗೊಂಡು ನನ್ನ ಬದುವಿನ ಮ್ಯಾಲ ಹುಡಿಕ್ಯಾಡೂದ ನೋಡಿದಾಗ, ಬಾವಿ ಕಡೆ ನೋಡಾಕ ಒಂಥರಾ ಆಗತೈತ್ರಿ."

ಲಗಮವ್ವನೂ ಗುಡ್ಡವನ್ನು ಕಾಯುವುದು ತಪ್ಪು ಎನ್ನುವುದಿಲ್ಲ. ದೂರದೂರಿನಿಂದ ಗಾಡಿ ತಂದು ಬುಡಸಮೇತ ಕಡಿದೊಯ್ಯುತ್ತಿದ್ದವರನ್ನು ಆಕೆ ನೋಡಿದ್ದಾಳೆ. "ಅವರನ್ನ ತಡದ್ರಲ್ಲ, ಪುಣ್ಯಾ ಬರಲಿ. ಆದ್ರ ಕಳ್ಳರ ಜೋಡಿ ಮನಿಯವ್ರನ್ನೂ ಹೊರಗ ಹಾಕಿದ್ರು ನೋಡ್ರಿ."

*

ಇನ್ನು ಕಾವಲುಗಾರನ ಸಂಗತಿ. ಅವನು ಬೇರೆ ಯಾರೂ ಅಲ್ಲ, ಲಗಮವ್ವನ ಒಡಹುಟ್ಟಿದ ತಮ್ಮ ಬಾಳು. ಚಿಕ್ಕಂದಿನಲ್ಲಿ ಅವ್ವನ ಹಿಂದೆ ಹೊರೆ ಹೊತ್ತು ಗುಡ್ಡದ ಸಂದಿಗೊಂದಿ ತಿಳಿದವನು ಎಂದೇ ಇಲಾಖೆಯವರು ಅವನನ್ನು ತೆಗೆದುಕೊಂಡರು. ಖಾಕಿ ಅಂಗಿ, ಕ್ಯಾನವಾಸ್ ಬೂಟು, ಹೆಗಲ ಮೇಲೆ ಕೊಡಲಿ. ಅಂಗಿ ಹಾಕಿದ ಮೇಲೆ ಅವನು ಯಾರ ಮುಖವನ್ನೂ ನೋಡಲಿಲ್ಲ. ಹೋದ ವರ್ಷ ಒಳಗೆ ಹೊಕ್ಕ ಬಾಯವ್ವನ ಕುಡಗೋಲನ್ನೇ ಕಸಿದುಕೊಂಡ. ಆ ದಿನ ಬಾಯವ್ವ ಓಣಿಯ ನಡುವೆ ನಿಂತು ಅವನ ಏಳು ತಲೆಮಾರು ತೊಳೆದಳಂತೆ.

"ತೊಳದೆ," ಎಂದು ಬಾಯವ್ವ ಒಪ್ಪುತ್ತಾಳೆ. "ಆದ್ರ ಒಂದ ಮಾತ್ರಿ. ಅಕ್ಕನ್ನೂ ಒಳಗ ಬಿಡ್ಲಿಲ್ಲ ಅಂವ. ಅದನ್ನೂ ನೋಡೇನಿ."

ಸಾಧ್ಯವಾದ ದಿನ ಮಧ್ಯಾಹ್ನ ಅಕ್ಕ ತಮ್ಮನಿಗೆ ಬುತ್ತಿ ತರುತ್ತಾಳೆ. ಅವನು ಕಲ್ಲಿನಾಚೆ ಕೂರುತ್ತಾನೆ, ಆಕೆ ಈಚೆ. ರೊಟ್ಟಿ, ಝುಣಕ ಕಲ್ಲಿನ ಮೇಲಿಂದ ದಾಟಿ ಹೋಗುತ್ತವೆ. ಅವನು ತಿನ್ನುವಷ್ಟು ಹೊತ್ತು ಆಕೆ ಒಂದೊಂದೇ ಗಿಡವನ್ನು ವಿಚಾರಿಸುತ್ತಾಳೆ, ತವರಿನವರನ್ನು ವಿಚಾರಿಸಿದಂತೆ.

"ಕರೀಕಲ್ಲಿನ ಬುಡಕ ಇತ್ತಲ್ಲ, ಅದು ಹೆಂಗೈತಿ?"

"ಐತಿ."

"ಜೋಡ ಬುಡದ್ದು? ಅವ್ವಗ ಹಾವು ಕಂಡಿತ್ತಲ್ಲ, ಅದು?"

"ಅದೂ ಐತೆಕ್ಕಾ. ಎಲ್ಲಾ ದೊಡ್ಡು ಆಗ್ಯಾವ. ನನ್ನ ಎದಿ ಮಟಾ ಬಂದಾವ."

ಎದೆಯವರೆಗೆ ಬೆಳೆದದ್ದು ಸಂತೋಷವಲ್ಲವೇ ಎಂದರೆ ಆಕೆ ತಲೆ ಅಲ್ಲಾಡಿಸುತ್ತಾಳೆ. "ಕೊಯ್ಯದ ತಂಗಡಿ ಮುದಕಿ ಆಗತೈತ್ರಿ. ತೊಗಟಿ ಕಟಗಿ ಹಿಡಕೊಂಡ ಬಿಡತೈತಿ, ಬಡದ್ರೂ ಬಿಡೂದಿಲ್ಲ. ಒಳಗ ಪೊಳ್ಳ. ದೊಡ್ಡು ಆಗ್ಯಾವ ಅಂತಾನ ನನ್ನ ತಮ್ಮ. ನನಗ ಅದು ನಮ್ಮನ್ನ ಯಾರೂ ಕೇಳಾವರ ಇಲ್ಲ ಅಂದಂಗ ಕೇಳತೈತಿ." ಆಮೇಲೆ ಹೇಳುತ್ತಾಳೆ: "ಗುಡ್ಡಾ ಬಿಟ್ಟುಕೊಡ್ರಿ ಅನ್ನಾಕಿ ಅಲ್ಲ ನಾ. ವರ್ಷಕ್ಕ ಒಂದ ದಿನ, ಹೂ ಉದರಿದ ಮ್ಯಾಲ, ಒಳಗ ಬಿಡ್ಲಿ. ಎಣಿಸಿ ಬಿಡ್ಲಿ, ಎಣಿಸಿ ಹೊರಗ ಕಳಸ್ಲಿ. ಅಷ್ಟ."

ಈ ವರ್ಷ ಒಂದು ಸಣ್ಣ ದಾರಿ ತೆರೆದಿದೆ. ಬೇಸಿಗೆಯ ಬೆಂಕಿ ಒಳಗೆ ನುಗ್ಗಬಾರದೆಂದು ಮೂರು ವರ್ಷಕ್ಕೊಮ್ಮೆ ಮಾಘದ ಕೊನೆಗೆ ಕಲ್ಲುಗಳ ಉದ್ದಕ್ಕೂ, ಒಳಮಗ್ಗುಲಿಗೆ ಎರಡು ಮಾರು ಅಗಲ, ಗಿಡಗಂಟಿ ಕಡಿದು ಬಯಲು ಮಾಡುತ್ತಾರೆ. ಇದು ಬಾಳುವಿನ ಕೆಲಸ. ಕಡಿದದ್ದನ್ನು ಅಲ್ಲೇ ಸುಡುವುದು ವಾಡಿಕೆ. ಹೋದ ಸಲ ಅವ್ವನ ಮಗ್ಗಲದ ಅಂಚಿನ ತಂಗಡಿ ಹಾಗೆ ಸುಟ್ಟುಹೋಗುವುದನ್ನು ಲಗಮವ್ವ ರಸ್ತೆಯ ಮೇಲೆ ನಿಂತು ನೋಡಿದ್ದಳು. ಆದರೆ ಆ ಸಲ ಕಿಡಿ ಹಾರಿ ಹುಲ್ಲಿಗೆ ತಗಲಿತ್ತಾದ್ದರಿಂದ ಈ ಸಲ ಮೇಲಿನವರು ಸುಡಬೇಡಿ ಎಂದಿದ್ದಾರೆ. ಕಡಿದದ್ದನ್ನು ಕಲ್ಲಿನ ಹೊರಗೆ ಒಗೆಯಿರಿ, ಬೇಕಾದವರು ಒಯ್ಯಲಿ.

ತೊಡಕು ಏನೆಂದರೆ, ಈ ಕೆಲಸ ಯಾವಾಗಲೂ ಬಡಗಣ ಮೂಲೆಯಿಂದ ಶುರುವಾಗುತ್ತದೆ. ಅಲ್ಲಿ ಬರೀ ಜಾಲಿ ಮುಳ್ಳು. ಅದನ್ನೆಲ್ಲ ಕಡಿಯುತ್ತ ಅವ್ವನ ಮಗ್ಗಲಕ್ಕೆ ಬರುವಷ್ಟರಲ್ಲಿ ಹೋಳಿ ಮುಗಿದಿರುತ್ತದೆ, ಹಿತ್ತಿಲಿನ ತೊಗಲು ಹಪ್ಪಳವಾಗಿರುತ್ತದೆ. ಬಡಗಣ ಮೂಲೆಯಿಂದಲೇ ಶುರುಮಾಡಬೇಕೆಂದು ಯಾರ ಹುಕುಮೂ ಇಲ್ಲ. ಆದರೆ ಬಾಳು ಬಗ್ಗಿಲ್ಲ. ನಿನ್ನೆ ಅಕ್ಕನಿಗೆ ಹೇಳಿದ್ದಾನೆ: "ಮಂದಿ ಕುಡಗೋಲ ಕಸಗೊಂಡ ಕೈ ಇದು. ಇವತ್ತ ಇದರಿಂದ ಅಕ್ಕನ ಮಗ್ಗಲ ಮೊದಲ ಕಡದ್ರ, ಓಣ್ಯಾಗ ತಲಿ ಎತ್ತಲೇನು?"

ಅಕ್ಕ ಬುತ್ತಿಯ ಅರಿವೆ ಮಡಚಿಕೊಂಡು ಎದ್ದಳು.

*

ಬಿಸಿಲು ಏರುವ ಹೊತ್ತಿಗೆ ಇಬ್ಬರೂ ಹೆಂಗಸರು ಅವ್ವನ ಮಗ್ಗಲದ ಕಲ್ಲಿಗೆ ಬಂದಿದ್ದಾರೆ. ಲಗಮವ್ವನ ಕುಂಚ ಇಲ್ಲಿ ನಿಧಾನವಾಗುತ್ತದೆ. ಹಚ್ಚಿದ ಕಡೆಯೇ ಮತ್ತೆ ಹಚ್ಚುತ್ತಾಳೆ. ಕಲ್ಲಿನಾಚೆ ಎರಡು ಹೆಜ್ಜೆಗೇ ತಂಗಡಿ, ಎದೆಯೆತ್ತರ, ಅಲ್ಲೊಂದು ಇಲ್ಲೊಂದು ಕೊನೆಯ ಹಳದಿ ಹೂ. ಕೈ ಚಾಚಿದರೆ ಎಟುಕುತ್ತದೆ. ಆಕೆ ಕೈ ಚಾಚುವುದಿಲ್ಲ.

ಬಾಳು ಕೊಡಲಿ ಹೊತ್ತು ಒಳಗಿನ ಕಾಲುದಾರಿಯಲ್ಲಿ ಬರುತ್ತಾನೆ. ಬಡಗಣ ಮೂಲೆಗೆ ಹೊರಟವನು. ಅಕ್ಕನನ್ನು ನೋಡಿ ನಿಂತು, ನೋಡದವನಂತೆ ಬೂಟಿನ ದಾರ ಕಟ್ಟಿಕೊಳ್ಳುತ್ತಾನೆ.

"ಏ ಬಾಳ್ಯಾ," ಎನ್ನುತ್ತಾಳೆ ಬಾಯವ್ವ.

"ಏನ ಚಿಗವ್ವಾ?"

"ಎಲ್ಲಿಗೆ ಹೊಂಟಿ?"

"ಬಡಗಣ ಮೂಲಿಗೆ. ಇವತ್ತಿನಿಂದ ಕಡ್ಯಾಕ ಚಾಲೂ."

"ಜಾಲಿ ಎಲ್ಲಿ ಓಡಿ ಹೋಗತೈತೋ? ಇಲ್ಲಿಂದ ಸುರು ಮಾಡು."

"ಬ್ಯಾಡ ಚಿಗವ್ವಾ. ನಾಳಿ ನೀನ ಅಂತಿ."

"ನಾ?" ಬಾಯವ್ವ ಕುಂಚವನ್ನು ಮಡಕೆಗೆ ಒಗೆದು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾಳೆ. ಮೂಗಿನ ಮೇಲೂ ಸುಣ್ಣ. "ನನ್ನ ಕುಡಗೋಲ ಕಸಗೊಂಡಿ, ನಾ ಬೈದೆ. ಅದು ಆತು. ಇವತ್ತ ಇಲ್ಲಿಂದ ಕಡಿ, ನಾ ಅನ್ನೂದಿಲ್ಲ. ಓಣ್ಯಾಗ ಯಾವಾಕಿ ಅಂತಾಳೋ, ಆಕಿಗೆ ನಾ ಅಂತೇನಿ. ನನ್ನ ಬಾಯಿ ನಿನಗ ಗೊತ್ತಿಲ್ಲೇನು?"

"ಗೊತ್ತೈತಿ," ಎನ್ನುತ್ತಾನೆ ಬಾಳು. ಅಕ್ಕನ ಕಡೆ ನೋಡುತ್ತಾನೆ. ಆಕೆ ಕಲ್ಲು ಬಳಿಯುತ್ತಲೇ ಇದ್ದಾಳೆ.

ಅವನು ಬಡಗಣ ದಿಕ್ಕಿಗೊಮ್ಮೆ ನೋಡಿ, ಅಂಗೈಗೆ ಉಗುಳಿಕೊಂಡು ಕೊಡಲಿ ಎತ್ತುತ್ತಾನೆ. ಎರಡು ಏಟು. ಒಂದು ಟೊಂಗೆ ಕಲ್ಲಿನ ಮೇಲಿಂದ ಹಾರಿ ಈಚೆ, ಲಗಮವ್ವನ ಕಾಲ ಬುಡಕ್ಕೆ ಬೀಳುತ್ತದೆ. ಆಕೆ ಕುಂಚ ಇಟ್ಟು ಕೂತು, ಕೈಗೆ ಸಿಕ್ಕ ದುಂಡುಗಲ್ಲಿನಿಂದ ಅದನ್ನು ಬಡಿಯುತ್ತಾಳೆ. ಬುಡದ ಕಡೆ ತೊಗಟೆ ಬಿಡುವುದಿಲ್ಲ. ತಿರುವಿ ಹಿಡಿದು ತುದಿಯ ಕಡೆ ಬಡಿಯುತ್ತಾಳೆ, ಮೆಲ್ಲಗೆ, ಮತ್ತೆ ಮತ್ತೆ. ಕಡೆಗೆ ಒಂದು ಗೇಣುದ್ದ ಪಟ್ಟಿ ಬಿಟ್ಟುಕೊಂಡು ಬರುತ್ತದೆ.

ಬಾಯವ್ವ ಅದಕ್ಕೆ ತನ್ನ ಸೆರಗು ಒಡ್ಡುತ್ತಾಳೆ. ಲಗಮವ್ವ ಸೆರಗಿಗೆ ಹಾಕುವುದಿಲ್ಲ. ಎದ್ದು ನಿಂತು, ಆ ಮೊದಲನೇ ಪಟ್ಟಿಯನ್ನು ಕಲ್ಲಿನ ನೆತ್ತಿಯ ಮೇಲೆ, ಇನ್ನೂ ಆರದ ಸುಣ್ಣದಲ್ಲಿ ಒತ್ತಿ ಇಟ್ಟು, ಬಾಳು ಈಚೆ ಒಗೆದ ಎರಡನೇ ಟೊಂಗೆಗೆ ಕೈ ಹಾಕುತ್ತಾಳೆ.